ಒಡೆಸ್ಸಾ ಮೆಟ್ಟಿಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ನ ಮೆಟ್ಟಿಲ ದೃಶ್ಯವನ್ನೇ ‘ದಿ ಅನ್‌ಟಚಬಲ್ಸ್’ನಲ್ಲಿ ಮತ್ತೆ ಮಾಡಿದ್ದಾರಲ್ಲವೇ? ಎರಡನ್ನೂ ನೋಡಿದೆ, ಮಗುವಿನ ಗಾಡಿ ಎರಡರಲ್ಲೂ ಉರುಳುತ್ತದೆ, ಆದರೆ ಅನುಭವ ಬೇರೆ. ಯಾಕೆ? (ಧಾರವಾಡ)

ಉತ್ತರ: 1987ರಲ್ಲಿ ಬ್ರಯಾನ್ ಡಿ ಪಾಲ್ಮಾ ಷಿಕಾಗೋದ ಯೂನಿಯನ್ ಸ್ಟೇಷನ್ನಿನಲ್ಲಿ ಸಮಯವನ್ನು ಹಿಗ್ಗಿಸಿದ್ದು ಸ್ಲೋ ಮೋಷನ್ನಿನಿಂದ. 1925ರ ಮೂಕಿ ಚಿತ್ರ ‘ಪೊಟೆಮ್ಕಿನ್’ನಲ್ಲಿ ನಿರ್ದೇಶಕ ಐಸೆನ್‌ಸ್ಟೈನ್ ಹಿಗ್ಗಿಸಿದ್ದು ಕತ್ತರಿಯಿಂದ, ಅಂದರೆ ಸಂಕಲನದಿಂದ. ಒಡೆಸ್ಸಾ ನಗರದ ಮೆಟ್ಟಿಲಿಳಿಯುತ್ತಾ ಸೈನಿಕರು ಜನರ ಮೇಲೆ ಗುಂಡು ಹಾರಿಸುವ ದೃಶ್ಯವದು. ಗುಂಡು ತಗುಲಿದ ತಾಯಿ ಸೊಂಟ ಹಿಡಿದು ತೂಗಾಡುತ್ತಾಳೆ. ಅಂಚಿನಲ್ಲಿ ಗಾಡಿಯ ಚಕ್ರ. ಮತ್ತೆ ತಾಯಿ, ಮತ್ತೆ ಚಕ್ರ. ಕುಸಿಯುವ ಅವಳ ಮೈಯೇ ಗಾಡಿಯನ್ನು ತಳ್ಳುತ್ತದೆ. ಗಾಡಿಯನ್ನು ಎರವಲು ಪಡೆದವರು ಬಹಳ, ಈ ಲೆಕ್ಕಾಚಾರವನ್ನು ಪಡೆದವರು ಕಡಿಮೆ.

ಪ್ರಶ್ನೆ: ಕಿರುಚಿತ್ರಕ್ಕೆ ಇಂಥದೊಂದು ದೃಶ್ಯ ಬೇಕು. ಬಳಿ ಇರುವುದು ಒಂದೇ ಕ್ಯಾಮೆರಾ. (ಮೈಸೂರು)

ಉತ್ತರ: ಒಂದು ಸಾಕು. ಆರು ಸೆಕೆಂಡಿನ ಕ್ರಿಯೆ ಆರಿಸಿ, ಅದನ್ನೇ ಮೊದಲಿನಿಂದ ಕೊನೆಯವರೆಗೆ ಮೂರು ಸಲ ಚಿತ್ರಿಸಿ: ಕೆಳಗಿನಿಂದ ದೂರದ ನೋಟ, ಪಕ್ಕದಿಂದ ಮಧ್ಯಮ, ಕೊನೆಗೆ ಕಾಲು ಅಥವಾ ಚಕ್ರದ ಹತ್ತಿರದ ಶಾಟ್. ಜೋಡಿಸುವಾಗ ಹಿಂದಿನ ಶಾಟಿನ ಕೊನೆಯ ಅರ್ಧ ಸೆಕೆಂಡನ್ನು (24 ಫ್ರೇಮಿನ ವೇಗದಲ್ಲಿ 12 ಫ್ರೇಮು) ಮುಂದಿನ ಶಾಟಿನಲ್ಲಿ ಮರಳಿ ತನ್ನಿ. ಪ್ರತಿ ಕಟ್ಟಿನಲ್ಲೂ ಹೀಗೆ ಮಾಡಿದರೆ ಕೆಡುತ್ತದೆ. ಸೀರಿಯಲ್ಲಿನಲ್ಲಿ ಅತ್ತೆಯ ಮುಖ ಮೂರು ಸಲ ತಿರುಗಿದಂತಾಗುತ್ತದೆ. ಎರಡು ಮೂರು ಕಡೆ ಸಾಕು.

ಬೂಟಿನ ಹೆಜ್ಜೆಯ ತಾಳಕ್ಕೆ ಸರಿಯಾಗಿ ಕತ್ತರಿಸುವುದು ಇನ್ನೊಂದು ತಪ್ಪು. ಐಸೆನ್‌ಸ್ಟೈನ್ ಬೇಕೆಂದೇ ತಾಳ ತಪ್ಪಿಸಿದ್ದಾರೆ. ಉದ್ವೇಗ ಹುಟ್ಟುವುದೇ ಅಲ್ಲಿ. ಎಲ್ಲರೂ ಇಳಿಯುವಾಗ ಒಬ್ಬರನ್ನು ಹತ್ತಿಸಿ: ಚಿತ್ರದಲ್ಲಿ ಗಾಯಗೊಂಡ ಮಗುವನ್ನೆತ್ತಿಕೊಂಡ ಇನ್ನೊಬ್ಬ ತಾಯಿ ಸೈನಿಕರಿಗೆ ಎದುರಾಗಿಯೇ ಬರುತ್ತಾಳೆ.

ಮೆಟ್ಟಿಲಿನ ಆಯ್ಕೆಯೂ ಮುಖ್ಯ. ಒಡೆಸ್ಸಾದಲ್ಲಿ ಈಗ 192 ಮೆಟ್ಟಿಲು, 10 ಜಗಲಿಗಳಿವೆ (ಮೆಟ್ಟಿಲ ಸಾಲುಗಳ ನಡುವಿನ ಸಮತಟ್ಟಾದ ಜಾಗ). ಮೇಲೆ ಸುಮಾರು 12.5 ಮೀಟರ್ ಅಗಲ, ಕೆಳಗೆ 21.7. ಕೆಳಗಿನಿಂದ ನೋಡಿದರೆ ಜಗಲಿ ಮರೆಯಾಗಿ ಬರೀ ಮೆಟ್ಟಿಲೇ ಕಾಣುತ್ತದೆ, ಮೇಲಿನಿಂದ ಬರೀ ಜಗಲಿ. ಹಾಗಾಗಿ ನಿಮ್ಮಲ್ಲಿ 30 ಮೆಟ್ಟಿಲಿದ್ದರೆ ಕ್ಯಾಮೆರಾ ಕೆಳಗಿರಲಿ, ತುದಿ ಫ್ರೇಮಿನ ಹೊರಗಿರಲಿ.

ಪ್ರಶ್ನೆ: ‘ಪೊಟೆಮ್ಕಿನ್’ನ ಕೆಲವು ಪ್ರತಿಗಳಲ್ಲಿ ಜನ ಬೊಂಬೆಗಳಂತೆ ಗಡಿಬಿಡಿಯಲ್ಲಿ ಓಡುತ್ತಾರೆ. ಬೇಕೆಂದೇ ಮಾಡಿದ್ದೇ? (ದುಬೈ)

ಉತ್ತರ: ಅಲ್ಲ, ವೇಗದ ಎಡವಟ್ಟು. ಸೆಕೆಂಡಿಗೆ 18 ಫ್ರೇಮಿನಂತೆ ಓಡಬೇಕಾದ ಮೂಕಿ ಚಿತ್ರವನ್ನು 24ರಲ್ಲಿ ಓಡಿಸಿದರೆ ಒಂದು ಗಂಟೆಯದು 45 ನಿಮಿಷಕ್ಕೇ ಮುಗಿಯುತ್ತದೆ. 2005ರ ಬರ್ಲಿನ್ ಪುನರುಜ್ಜೀವಿತ ಪ್ರತಿಯನ್ನು ಹುಡುಕಿ. ಅದರಲ್ಲಿ 1926ರ ಜರ್ಮನ್ ಪ್ರದರ್ಶನಕ್ಕೆಂದು ಎಡ್ಮಂಡ್ ಮೈಸೆಲ್ ಬರೆದ ಸಂಗೀತವೂ ಇದೆ, ಹಡಗಿನ ಮೇಲೆ ಹಾರುವ ಬಾವುಟದ ಕೆಂಪೂ ಇದೆ. ಅಂದಿನ ಕಪ್ಪು-ಬಿಳುಪು ಫಿಲ್ಮಿನಲ್ಲಿ ಕೆಂಪು ಕಪ್ಪಾಗಿ ಬೀಳುತ್ತಿತ್ತು. ಅದಕ್ಕೇ ಬಿಳಿ ಬಾವುಟ ಹಾರಿಸಿ ಚಿತ್ರಿಸಿ, ಫ್ರೇಮು ಫ್ರೇಮಿಗೂ ಕೈಯಿಂದ ಬಣ್ಣ ಹಚ್ಚಿದರು.