‘ಮೇಲ್ಮಹಡಿಯ ಸೆಕೆ’ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ನೀವು ಎತ್ತಿಕೊಂಡ ಪ್ರಶ್ನೆ ಕೈಬಿಡುವಂಥದ್ದಲ್ಲ: ಏಪ್ರಿಲ್‌ನಲ್ಲಿ ಸಂಜೆ ಹೊರಗೆ ತಂಗಾಳಿ ಬೀಸಿದ ಮೇಲೂ ಬೆಂಗಳೂರಿನ ಮೇಲ್ಮಹಡಿಯ ಕೋಣೆ ರಾತ್ರಿ ಹನ್ನೊಂದರವರೆಗೆ ಬೇಯುವುದೇಕೆ? ಮೊದಲೆರಡು ಪ್ಯಾರಾಗಳು ಇದನ್ನು ಚೆನ್ನಾಗಿ ಕೇಳುತ್ತವೆ. ಮೂರನೆಯದರಿಂದ ಲೇಖನ ಪಠ್ಯಪುಸ್ತಕವಾಗುತ್ತದೆ. ಉಷ್ಣ ಸಾಗುವ ಮೂರು ರೀತಿಗಳಲ್ಲಿ ವಹನಕ್ಕೆ (ವಸ್ತುವಿನ ಮೂಲಕ ಸಾಗುವುದು) ಚಮಚ, ಸಂವಹನಕ್ಕೆ (ಗಾಳಿ, ನೀರಿನ ಚಲನೆಯೊಂದಿಗೆ ಸಾಗುವುದು) ಕುದಿಯುವ ನೀರು, ವಿಕಿರಣಕ್ಕೆ (ಕಿರಣವಾಗಿ ಸಾಗುವುದು) ಸೂರ್ಯ ಬಂದು ತಾರಸಿಯೇ ಮರೆಯಾಗುತ್ತದೆ. ಮೂರೂ ನಿಮ್ಮ ತಾರಸಿಯಲ್ಲೇ ಇವೆಯಲ್ಲ! ಬಿಸಿಲಿನಿಂದ ಮಲಗಿದವರ ಮೈವರೆಗೆ ಉಷ್ಣ ಬರುವ ಒಂದೇ ದಾರಿಯನ್ನು ಹಿಡಿದು ನಡೆಯಿರಿ. ಎಲ್ಲಿ ಯಾವ ರೀತಿಯಲ್ಲಿ ದಾಟುತ್ತದೆ, ಎಷ್ಟು ದಾಟುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂದು ಬರೆಯಿರಿ. ವ್ಯಾಖ್ಯೆಗಳು ತಾವಾಗಿಯೇ ಬರುತ್ತವೆ.

ಮೊದಲು ಒಂದು ತಪ್ಪು ತಿದ್ದಬೇಕು. ‘ಬೇಸಿಗೆಯಲ್ಲಿ ಸೂರ್ಯ ಭೂಮಿಗೆ ಹತ್ತಿರವಾಗುತ್ತಾನೆ’ ಎಂದಿದ್ದೀರಿ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ. ನಿಜವಾದ ಕಾರಣ ನಿಮ್ಮ ವಿಷಯಕ್ಕೆ ಇನ್ನೂ ಚೆನ್ನಾಗಿ ಒದಗುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನ 12.20ರ ಸುಮಾರಿಗೆ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಗೋಡೆಗೆ ಬಿಸಿಲು ತಾಕುವುದು ಕಡಿಮೆ, ತಾರಸಿಗೆ ಮಾತ್ರ ಪೂರ್ತಿ: ಚದರ ಮೀಟರಿಗೆ ಹತ್ತಿರಹತ್ತಿರ 1000 ವಾಟ್. 30×40 ಅಡಿ ಸೈಟಿನಷ್ಟು ತಾರಸಿ ಎಂದರೆ 111 ಚದರ ಮೀಟರ್. ಲೆಕ್ಕವನ್ನು ಓದುಗರೇ ಮಾಡಿಕೊಳ್ಳಲಿ.

ಮುಂದಿನದು ಲೇಖನದ ಜೀವಾಳ, ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ: ‘ದಪ್ಪ ಕಾಂಕ್ರೀಟು ಶಾಖವನ್ನು ತಡೆಯುತ್ತದೆ’. ತಡೆಯುವುದು ಅಷ್ಟಕ್ಕಷ್ಟೆ, ಅದು ಮಾಡುವುದು ಕೂಡಿಡುವ ಕೆಲಸ. ಐದು ಇಂಚಿನ ಆರ್‌ಸಿಸಿ ಮೋಲ್ಡ್ (ಕಬ್ಬಿಣದ ಸರಳು ಹಾಕಿದ ತಾರಸಿಯ ಕಾಂಕ್ರೀಟು) ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ಒಂದು ಕಿಲೋ ಕಾಂಕ್ರೀಟು ಒಂದು ಡಿಗ್ರಿ ಏರಲು ಸುಮಾರು 0.88 ಕಿಲೋಜೂಲ್ ಬೇಕು. ಮೋಲ್ಡ್ ಸರಾಸರಿ 15 ಡಿಗ್ರಿ ಏರಿತೆಂದರೆ ಪ್ರತಿ ಚದರ ಮೀಟರಿನಲ್ಲೂ ಒಂದು ಯೂನಿಟ್ ವಿದ್ಯುತ್ತಿಗಿಂತ ತುಸು ಹೆಚ್ಚೇ ಶಕ್ತಿ ಸೇರಿಕೊಂಡಿರುತ್ತದೆ. ಈ ಉಷ್ಣ ಕೆಳಗಿಳಿಯುವುದಕ್ಕೂ ಹೊತ್ತು ಹಿಡಿಯುತ್ತದೆ. ಅಷ್ಟು ದಪ್ಪಕ್ಕೆ ದಿನದ ಬಿಸಿಯ ಅಲೆ ಮೂರರಿಂದ ನಾಲ್ಕು ಗಂಟೆ ಹಿಂದೆ ಬೀಳುತ್ತದೆ. ಮೇಲ್ಮೈ ಮಧ್ಯಾಹ್ನ ಎರಡರ ಸುಮಾರಿಗೆ ಅತಿ ಬಿಸಿಯಾದರೆ ಸೀಲಿಂಗ್ ಅತಿ ಬಿಸಿಯಾಗುವುದು ಸಂಜೆ ಐದಾರಕ್ಕೆ. ಅಲ್ಲಿಂದ ಆ ದಾಸ್ತಾನು ಖಾಲಿಯಾಗಬೇಕು. ನಿಮ್ಮ ‘ರಾತ್ರಿ ಹನ್ನೊಂದ’ರ ಉತ್ತರ ಇಲ್ಲಿದೆ.

ಸೀಲಿಂಗಿನಿಂದ ಮೈಗೆ ಬರುವ ದಾರಿಯಲ್ಲಿ ಮತ್ತೆ ಎಡವಿದ್ದೀರಿ. ‘ಬಿಸಿಯಾದ ಗಾಳಿ ಕೆಳಗಿಳಿದು ಕೋಣೆ ತುಂಬುತ್ತದೆ’ ಎಂದಿದ್ದೀರಿ. ಬಿಸಿ ಗಾಳಿ ಹಗುರ. ಅದು ಸೀಲಿಂಗಿಗೇ ಅಂಟಿಕೊಂಡು ನಿಲ್ಲುತ್ತದೆ. ಫ್ಯಾನ್ ಹಾಕದಿದ್ದರೆ ಇಲ್ಲಿ ಸಂವಹನಕ್ಕೆ ಹೆಚ್ಚು ಕೆಲಸವಿಲ್ಲ. ಉಷ್ಣ ಇಳಿಯುವುದು ಮುಖ್ಯವಾಗಿ ವಿಕಿರಣದಿಂದ. ಈ ತಾಪಮಾನಗಳಲ್ಲಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಸುಮಾರು 6 ವಾಟ್. ಚರ್ಮ 33 ಡಿಗ್ರಿ, ಸೀಲಿಂಗ್ 38 ಡಿಗ್ರಿ ಇದ್ದರೆ ಮೇಲಕ್ಕೆ ಮುಖ ಮಾಡಿದ ಮೈ ಚದರ ಮೀಟರಿಗೆ 30 ವಾಟಿನಷ್ಟು ಹೀರಿಕೊಳ್ಳುತ್ತದೆ. ಸುಮ್ಮನೆ ಮಲಗಿದಾಗಲೂ ದೇಹ ತನ್ನದೇ ಸುಮಾರು 100 ವಾಟ್ ಹೊರಹಾಕಬೇಕು, ಅದರ ಮೇಲೆ ಇದು. ಕಿಟಕಿ ತೆರೆದು ಗಾಳಿ ತಂಪಾದರೂ ಸೆಕೆ ಹೋಗದಿರುವುದು ಇದರಿಂದಲೇ. ಫ್ಯಾನ್ ಮೇಲಿನ ಬಿಸಿ ಗಾಳಿಯನ್ನು ಕೆಳಗೆ ಕಲಸುತ್ತದೆ ನಿಜ, ಆದರೂ ಬೆವರು ಆರಿಸುವುದರಿಂದ ಒಟ್ಟಿನಲ್ಲಿ ಲಾಭವೇ.

ಪರಿಹಾರಗಳ ಭಾಗಕ್ಕೆ ಅತಿ ಹೆಚ್ಚು ಕೆಲಸ ಬೇಕು, ಜನ ಓದಿ ಹಾಗೆಯೇ ಮಾಡಿಬಿಡುತ್ತಾರೆ. ಸುಣ್ಣ ಬಳಿಯಿರಿ ಎಂದದ್ದು ಸರಿ, ಯಾಕೆಂದು ಹೇಳಿಲ್ಲ. ಬಿಳಿ ಸುಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಜೊತೆಗೆ ತಾನು ಹೀರಿಕೊಂಡ ಅಷ್ಟಿಷ್ಟನ್ನು ಅವಕೆಂಪು (ಇನ್‌ಫ್ರಾರೆಡ್) ಕಿರಣವಾಗಿ ಆಕಾಶಕ್ಕೆ ಬಿಡುತ್ತದೆ. ಹೊಳೆಯುವ ಹೊಸ ತಗಡಿಗೆ ಎರಡನೆಯ ಗುಣ ತೀರ ಕಡಿಮೆ, ಅದಕ್ಕೇ ಅದು ಸುಡುತ್ತದೆ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಧೂಳು ಕೂತು ಬಿಳಿ ಬಣ್ಣ ಬೂದು ಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಗೆ ಮುಂಚೆ ತೊಳೆಯಬೇಕು ಎಂದು ಸೇರಿಸಿ.

ಅಲ್ಯೂಮಿನಿಯಂ ಹಾಳೆಯನ್ನು ಗಾರೆಯ ನಡುವೆ ಹೂತುಬಿಡುವ ಸಲಹೆ ತೆಗೆದುಹಾಕಿ. ಹೊಳಪಿನ ಮುಖದ ಎದುರು ಗಾಳಿಯ ಸಂದು ಇದ್ದರೆ ಮಾತ್ರ ಆ ಹಾಳೆಗೆ ಬೆಲೆ. ಎರಡು ಕಡೆಯೂ ಗಾರೆ ಮೆತ್ತಿದರೆ ಅದು ಬರೀ ಲೋಹ, ಉಷ್ಣವನ್ನು ಸಲೀಸಾಗಿ ಸಾಗಿಸುತ್ತದೆ.

ಥರ್ಮೋಕೋಲ್ ವಿಷಯದಲ್ಲಿ ನೀವು ಅಂದಾಜಿಸಿದ್ದಕ್ಕಿಂತ ಲಾಭ ದೊಡ್ಡದು: ಒಂದು ಇಂಚಿನ ಹಾಳೆ ಒಂದು ಮೀಟರಿಗೂ ಹೆಚ್ಚು ದಪ್ಪದ ಕಾಂಕ್ರೀಟಿನಷ್ಟು ತಡೆ ಒಡ್ಡುತ್ತದೆ. ಆದರೆ ಅದನ್ನು ಸೀಲಿಂಗಿಗೆ ಬರಿದಾಗಿ ಅಂಟಿಸಿ ಎಂದು ನಾವು ಅಚ್ಚು ಹಾಕುವುದಿಲ್ಲ. ಅದು ಬೇಗ ಬೆಂಕಿ ಹಿಡಿದು ಕರಗಿ ತೊಟ್ಟಿಕ್ಕುತ್ತದೆ. ಮೋಲ್ಡಿನ ಮೇಲೆ ಹಾಕಿ, ಅದರ ಮೇಲೆ ಗಾರೆಯ ಹೊದಿಕೆ ಕೊಟ್ಟರೆ ಕಾಂಕ್ರೀಟೇ ಬಿಸಿಲಿನಿಂದ ಪಾರಾಗುತ್ತದೆ, ಕೂಡಿಡಲು ಉಷ್ಣವೇ ಸಿಗುವುದಿಲ್ಲ. ವಾಟರ್‌ಪ್ರೂಫಿಂಗ್ ಕೆಟ್ಟು ನಿರೋಧಕದೊಳಗೆ ನೀರು ಸೇರಿದರೆ ಕಥೆ ಮುಗಿಯಿತು. ನಿಂತ ಗಾಳಿಗಿಂತ ನೀರು ಉಷ್ಣವನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಸಾಗಿಸುತ್ತದೆ.

ತಾರಸಿಗೆ ಒದ್ದೆ ಗೋಣಿಚೀಲ ಹಾಸುವ ಉಪಾಯ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಎಳೆದುಕೊಳ್ಳುತ್ತದೆ. ಆದರೆ ಚದರ ಮೀಟರಿಗೆ ಒಂದೇ ಲೀಟರ್ ಎಂದರೂ ಇಡೀ ತಾರಸಿಗೆ ದಿನಕ್ಕೆ 111 ಲೀಟರ್. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿದ ಊರಿಗೆ ಈ ಲೆಕ್ಕ ಹೇಳದೆ ಸಲಹೆ ಕೊಡಬೇಡಿ.

ಮತ್ತೆ ಬರೆಯುವ ಮುನ್ನ ಅಳತೆ ಮಾಡಿ. ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಎರವಲು ಪಡೆದು, ಮೋಡವಿಲ್ಲದ ದಿನ ಮಧ್ಯಾಹ್ನದಿಂದ ಮಧ್ಯರಾತ್ರಿವರೆಗೆ ಗಂಟೆಗೊಮ್ಮೆ ತಾರಸಿ ಮತ್ತು ಸೀಲಿಂಗಿನ ಅದೇ ಜಾಗವನ್ನು ಅಳೆಯಿರಿ. ತಗಡು, ಸ್ಟೀಲಿನಂಥ ಹೊಳೆಯುವ ಮೇಲ್ಮೈ ಮೇಲೆ ಅದು ತಪ್ಪು ತೋರಿಸುತ್ತದೆ. ಅಲ್ಲಿ ಕರಿ ಇನ್ಸುಲೇಷನ್ ಟೇಪ್ ಅಂಟಿಸಿ, ಟೇಪಿನ ಮೇಲೆ ಅಳೆಯಿರಿ. ನಿಮ್ಮ ಮೋಲ್ಡ್ ಆರು ಇಂಚಿನದ್ದೋ, ಮೇಲೆ ಗಾರೆ ಇದೆಯೋ ಎನ್ನುವುದರ ಮೇಲೆ ಗಂಟೆಗಳು ಬದಲಾಗುತ್ತವೆ. ನಮ್ಮ ಮೂರು–ನಾಲ್ಕು ಗಂಟೆಯ ಬದಲು ನಿಮಗೆ ಸಿಕ್ಕ ಅಂಕಿಯನ್ನೇ ಹಾಕಿ. ಸೂರ್ಯಾಸ್ತದ ಚಿತ್ರ ಬೇಡ, ದಪ್ಪ ನಮೂದಿಸಿದ ಮೋಲ್ಡಿನ ಅಡ್ಡಸೀಳಿನ ಚಿತ್ರ ಕಳಿಸಿ. 1200 ಪದ ಸಾಕು.

— ಸಂಪಾದಕರು