ಮರಣದಂಡನೆಯಿಂದ ಸರ್ಕಾರಿ ಭ್ರಷ್ಟಾಚಾರ ಕಡಿಮೆಯಾಗುತ್ತದೆಯೇ?

ಲಂಚಕೋರ ಅಧಿಕಾರಿಗಳಿಗೆ ಮರಣದಂಡನೆ ವಿಧಿಸಿದರೆ ಭ್ರಷ್ಟಾಚಾರ ನಿಲ್ಲುತ್ತದೆಯೇ, ಯಾವ ದೇಶವಾದರೂ ಅದನ್ನು ನಿಜವಾಗಿ ತಗ್ಗಿಸಿದೆಯೇ ಎಂದು ನೀವು ಕೇಳಿದ್ದೀರಿ. ಮೊದಲನೆಯದು ಸಾಧ್ಯವಿಲ್ಲವೆಂದೂ ಎರಡನೆಯದು ಸಾಧ್ಯವಾಗಿದೆಯೆಂದೂ ನಾನು ನಂಬಿದ್ದೇನೆ. ಚೀನಾದಲ್ಲಿ ಸರ್ಕಾರಿ ಸ್ವಾಮ್ಯದ ಹಣಕಾಸು ಸಂಸ್ಥೆಯೊಂದರ ಮುಖ್ಯಸ್ಥನಾಗಿದ್ದ ಲೈ ಷಿಯಾವೊಮಿನ್‌ಗೆ 2021ರಲ್ಲಿ ಮರಣದಂಡನೆ ಜಾರಿಯಾಯಿತು. ಆದರೂ ಅಲ್ಲಿ ಹಿರಿಯ ಅಧಿಕಾರಿಗಳು ಇಂದಿಗೂ ಸಿಕ್ಕಿಬೀಳುತ್ತಲೇ ಇದ್ದಾರೆ. ತಾನು ಸಿಕ್ಕಿಬೀಳುವುದಿಲ್ಲವೆಂಬ ಧೈರ್ಯವಿರುವವನನ್ನು ಎಂತಹ ಘೋರ ಶಿಕ್ಷೆಯೂ ತಡೆಯಲಾರದು.

ಆ ಧೈರ್ಯವನ್ನು ಮುರಿಯುವುದು ಹೇಗೆಂಬುದಕ್ಕೆ ಹಾಂಗ್‌ಕಾಂಗ್ ಒಳ್ಳೆಯ ನಿದರ್ಶನ. ಅದು ಬ್ರಿಟಿಷರ ಆಳ್ವಿಕೆಯಲ್ಲಿದ್ದ 1973ರಲ್ಲಿ, ಆದಾಯ ಮೀರಿದ ಆಸ್ತಿಯ ತನಿಖೆ ಎದುರಿಸುತ್ತಿದ್ದ ಹಿರಿಯ ಪೊಲೀಸ್ ಅಧಿಕಾರಿ ಪೀಟರ್ ಗಾಡ್ಬರ್, ತನ್ನ ಪೊಲೀಸ್ ಪಾಸನ್ನೇ ಬಳಸಿ ವಿಮಾನ ನಿಲ್ದಾಣದ ತಪಾಸಣೆಯನ್ನು ತಪ್ಪಿಸಿಕೊಂಡು ಲಂಡನ್‌ಗೆ ಪರಾರಿಯಾದ. ಭ್ರಷ್ಟಾಚಾರ ತನಿಖೆಯ ವಿಭಾಗ ಆಗ ಪೊಲೀಸ್ ಇಲಾಖೆಯ ಒಳಗೇ ಇತ್ತು. ಜನ ಬೀದಿಗಿಳಿದರು. ಮರುವರ್ಷ, ನೇರವಾಗಿ ಗವರ್ನರ್‌ಗೆ ಮಾತ್ರ ವರದಿ ಮಾಡುವ ಸ್ವತಂತ್ರ ಆಯೋಗ ಹುಟ್ಟಿತು. ಗಾಡ್ಬರ್‌ನನ್ನು ಬ್ರಿಟನ್ನಿನಿಂದ ಕರೆತರಲಾಯಿತು, 1975ರಲ್ಲಿ ಅವನಿಗೆ 4 ವರ್ಷಗಳ ಸೆರೆವಾಸವಾಯಿತು. ಆಯೋಗದ ಒಂದು ವಿಭಾಗ ತನಿಖೆ ನಡೆಸಿದರೆ ಮತ್ತೊಂದು ಜನರಲ್ಲಿ ತಿಳಿವಳಿಕೆ ಮೂಡಿಸುತ್ತದೆ. ನನಗೆ ಅತ್ಯಂತ ಮುಖ್ಯವೆನಿಸುವುದು ಇನ್ನೊಂದು ವಿಭಾಗ: ಯಾವ ಪರವಾನಗಿ ಒಬ್ಬನ ಮರ್ಜಿಗೆ ಬಿದ್ದಿದೆ, ಕಡತ ಯಾರ ಮೇಜಿನ ಮೇಲೆ ಕಾರಣವಿಲ್ಲದೆ ಕೊಳೆಯಬಹುದು ಎಂಬುದನ್ನು ಇಲಾಖೆಗಳ ಕಾರ್ಯವಿಧಾನದಲ್ಲೇ ಹುಡುಕಿ, ಲಂಚಕ್ಕೆ ಆಸ್ಪದವಿರುವ ಕಡೆ ನಿಯಮವನ್ನೇ ಬದಲಿಸುವಂತೆ ಅದು ಸಲಹೆ ಕೊಡುತ್ತದೆ.

ಬಡ ದೇಶಗಳಿಗೆ ಇದೆಲ್ಲ ಸಾಧ್ಯವೇ ಎಂದು ಕೆಲವರು ಕೇಳುತ್ತಾರೆ. ಉಗಾಂಡಾದಲ್ಲಿ 1990ರ ದಶಕದ ಮೊದಲಾರ್ಧದಲ್ಲಿ, ಪ್ರಾಥಮಿಕ ಶಾಲೆಗಳಿಗೆಂದು ಸರ್ಕಾರ ಕೊಡುತ್ತಿದ್ದ ವೇತನೇತರ ಅನುದಾನದಲ್ಲಿ ಸರಾಸರಿ ಶೇ. 13ರಷ್ಟು ಮಾತ್ರ ಶಾಲೆಗಳಿಗೆ ತಲುಪುತ್ತಿತ್ತು. ಇದು ಬಯಲಾದ ಮೇಲೆ ಪ್ರತಿ ಜಿಲ್ಲೆಗೆ ಬಿಡುಗಡೆಯಾದ ಮೊತ್ತವನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು. ಶಾಲೆಗೆ ಬಂದ ಹಣದ ವಿವರವನ್ನು ಶಾಲೆಯಲ್ಲೇ ಅಂಟಿಸಬೇಕೆಂಬ ನಿಯಮವೂ ಬಂತು. 2001ರ ಹೊತ್ತಿಗೆ ಶೇ. 80ಕ್ಕೂ ಹೆಚ್ಚು ಹಣ ಶಾಲೆ ಮುಟ್ಟುತ್ತಿತ್ತು. ಇತರ ಸುಧಾರಣೆಗಳ ಪಾಲೂ ಇದರಲ್ಲಿದೆ ಎಂದು ಕೆಲವು ಸಂಶೋಧಕರು ವಾದಿಸುತ್ತಾರೆ, ಅದು ನ್ಯಾಯವಾದ ಮಾತೇ. ಆದರೆ ತಮ್ಮ ಶಾಲೆಗೆ ಎಷ್ಟು ಬರಬೇಕೆಂದು ತಿಳಿಯದ ಪೋಷಕರು ಯಾರನ್ನು ತಾನೇ ಪ್ರಶ್ನಿಸಿಯಾರು?

ಲಂಚ ಕೊಡುವವರ ಕಡೆಯೂ ನೋಡಬೇಕು. ವಿದೇಶಿ ಅಧಿಕಾರಿಗಳಿಗೆ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳಲು ಜರ್ಮನಿಯ ಕಾನೂನು 1990ರ ದಶಕದಲ್ಲೂ ಅವಕಾಶ ಕೊಟ್ಟಿತ್ತು. ಕೊಡುವವನಿಗೆ ಕಾನೂನೇ ರಿಯಾಯಿತಿ ಕೊಡುವಾಗ, ಪಡೆಯುವವನನ್ನು ಮಾತ್ರ ದಂಡಿಸಿದರೆ ಸಾಲದು.

ಹಾಂಗ್‌ಕಾಂಗ್, ಉಗಾಂಡಾಗಳಲ್ಲಿ ಕಂಡಂತಹ ಗೆಲುವುಗಳು ಶಾಶ್ವತವಲ್ಲ ಎಂಬುದೇ ನನ್ನ ದೊಡ್ಡ ಆತಂಕ. ಮಂತ್ರಿಗಳನ್ನೂ ಸಂಸದರನ್ನೂ ಜೈಲಿಗೆ ಕಳಿಸಿದ್ದ ಇಂಡೋನೇಷ್ಯಾದ ಭ್ರಷ್ಟಾಚಾರ ನಿರ್ಮೂಲನ ಆಯೋಗದ ಕಾನೂನನ್ನು 2019ರಲ್ಲಿ ಅಲ್ಲಿನ ಸಂಸತ್ತು ತಿದ್ದಿತು. ವಿದ್ಯಾರ್ಥಿಗಳ ಭಾರಿ ಪ್ರತಿಭಟನೆಯ ನಡುವೆಯೂ ಆಯೋಗದ ಮೇಲೊಂದು ಮೇಲ್ವಿಚಾರಣಾ ಮಂಡಳಿ ಬಂತು, ಆಯೋಗದ ನೌಕರರು ಸರ್ಕಾರಿ ಸೇವೆಯ ಚೌಕಟ್ಟಿಗೆ ಒಳಪಟ್ಟರು. ಆದ್ದರಿಂದ ಯಾವುದೇ ದೇಶದ ಪ್ರಾಮಾಣಿಕತೆಯನ್ನು ಅಳೆಯುವಾಗ, ಶಿಕ್ಷೆ ಎಷ್ಟು ಕಠಿಣ ಎಂದು ನೋಡುವ ಮೊದಲು, ತನಿಖಾ ಸಂಸ್ಥೆಯ ಮುಖ್ಯಸ್ಥನನ್ನು ನೇಮಿಸುವವರು ಯಾರು, ಕಿತ್ತುಹಾಕಬಲ್ಲವರು ಯಾರು ಎಂದು ನಾನು ನೋಡುತ್ತೇನೆ.