ಗುರುವಿಗಿಂತ ಮೊದಲು ಒಂದು ಕೆಲಸ

ಓದುಗರ ಪತ್ರ: ನಾನು ಭಾಗಮಂಡಲದ ಕಡೆಯವಳು, ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬರುತ್ತದೆ. ಓಪನ್ ಸೋರ್ಸ್, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶಗಳಲ್ಲಿ ಕೆಲಸ ಮಾಡುವ ಆಸೆ. ‘ದಯವಿಟ್ಟು ಮಾರ್ಗದರ್ಶನ ನೀಡಿ’ ಎಂದು ಏಳು ಜನರಿಗೆ ಬರೆದೆ, ಒಬ್ಬರೂ ಉತ್ತರಿಸಲಿಲ್ಲ. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಅಷ್ಟಕ್ಕಷ್ಟೇ. ಮಳೆಗಾಲದಲ್ಲಿ ಊರಿನಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ನನಗೆ ಗುರು ಎಲ್ಲಿ ಸಿಗುತ್ತಾರೆ?
– ವಿದ್ಯಾರ್ಥಿನಿ, ಮಡಿಕೇರಿ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಏಳು ಜನರ ಮೌನವನ್ನು ನಿಮ್ಮ ಯೋಗ್ಯತೆಗೆ ಸಿಕ್ಕ ಅಂಕವೆಂದು ದಯವಿಟ್ಟು ತಿಳಿಯಬೇಡಿ. ಆ ಕಡೆ ಕುಳಿತವರ ಸ್ಥಿತಿಯನ್ನು ಸ್ವಲ್ಪ ನೋಡಿ. 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾದಾಗ ಜಗತ್ತಿಗೆ ಒಂದು ಸಂಗತಿ ತಿಳಿಯಿತು: ಅಂತರಜಾಲದ ಬಹುಭಾಗದ ಗೋಪ್ಯತೆಯನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. 2020ರ ಅಕ್ಟೋಬರಿನಲ್ಲಿ, ಓಪನ್ ಸೋರ್ಸ್ ಯೋಜನೆಗಳಿಗೆ ತಿದ್ದುಪಡಿ ಕಳಿಸಿದವರಿಗೆ ಬಹುಮಾನ ಕೊಡುವ ‘ಹ್ಯಾಕ್ಟೋಬರ್‌ಫೆಸ್ಟ್’ ನಡೆದಾಗ ಒಂದು ಟೀ ಶರ್ಟಿನ ಆಸೆಗೆ ಹುರುಳಿಲ್ಲದ ತಿದ್ದುಪಡಿಗಳು ರಾಶಿರಾಶಿಯಾಗಿ ಬಂದು, ತಾವಾಗಿ ಒಪ್ಪಿದ ಯೋಜನೆಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಎಂದು ಸಂಘಟಕರು ನಿಯಮವನ್ನೇ ಬದಲಿಸಬೇಕಾಯಿತು. ಹೀಗೆ ದಣಿದವರ ಕೈಗೆ ‘ಮಾರ್ಗದರ್ಶನ ನೀಡಿ’ ಎಂಬ ಸಾಲು ಬಂದರೆ, ಇವರು ಯಾರು, ಇವರಿಗೆ ಏನು ಗೊತ್ತು, ಏನು ಕೊಡಲಿ ಎಂದು ಯೋಚಿಸುವ ಹೊರೆಯೂ ಅವರ ಮೇಲೆಯೇ ಬೀಳುತ್ತದೆ.

ಅದೇ ವ್ಯಕ್ತಿಗೆ ಹೀಗೆ ಬರೆದರೆ? ‘ನಿಮ್ಮ ತಂತ್ರಾಂಶವನ್ನು ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆಯಿರುವ ನನ್ನ ಕಂಪ್ಯೂಟರಿನಲ್ಲಿ ಅನುಸ್ಥಾಪಿಸಲು ಹೋದೆ. ಇಂಥ ಹಂತದಲ್ಲಿ ಈ ದೋಷ ಬಂತು. ಹೀಗೆ, ಹೀಗೆ ಮಾಡಿ ನೋಡಿದೆ, ಸರಿಹೋಗಲಿಲ್ಲ.’ ಇದಕ್ಕೆ ಐದು ನಿಮಿಷದಲ್ಲಿ ಉತ್ತರಿಸಬಹುದು, ಉತ್ತರಿಸಬೇಕೆಂದು ಮನಸ್ಸೂ ಬರುತ್ತದೆ. ಖಾಸಗಿ ಇಮೇಲ್‌ಗಿಂತ ಆ ಯೋಜನೆಯ ದೋಷವರದಿಗಳ ಪುಟದಲ್ಲಿಯೇ ಕೇಳಿ. ಒಬ್ಬರಿಗೆ ಬಿಡುವಿಲ್ಲದಿದ್ದರೆ ಇನ್ನೊಬ್ಬರು ನೋಡುತ್ತಾರೆ. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದದ್ದೂ ಇದೇ ಬಗೆಯ ಮಾತು: ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಮಾಡುತ್ತಿದ್ದೇನೆ, ನಿಮ್ಮ ಅಭಿಪ್ರಾಯ ಹೇಳಿ ಎಂದು. ಅದು ಲಿನಕ್ಸ್ ಆಯಿತು.

ನಮ್ಮಲ್ಲಿ ನಾಟಿಯ ದಿನ ಹೊಸಬರು ಗದ್ದೆಗಿಳಿದರೆ ಯಾರೂ ಪಾಠ ಮಾಡುವುದಿಲ್ಲ. ಕೈಗೆ ಒಂದು ಕಟ್ಟು ಸಸಿ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತಾರೆ. ಪಕ್ಕದವರು ನೋಡಿ ‘ಅಷ್ಟು ಆಳ ಬೇಡ’ ಎನ್ನುತ್ತಾರೆ. ತಂತ್ರಾಂಶದಲ್ಲಿ ನೀವು ಕಳಿಸಿದ ತಿದ್ದುಪಡಿಯನ್ನು ಹಿರಿಯರು ಸಾಲುಸಾಲಾಗಿ ಪರಿಶೀಲಿಸಿ ಟಿಪ್ಪಣಿ ಬರೆಯುವಾಗ ನಡೆಯುವುದು ಇದೇ. ನೀವು ಹುಡುಕುತ್ತಿರುವ ಗುರು ಆ ಟಿಪ್ಪಣಿಗಳಲ್ಲಿ ಸಿಗುತ್ತಾರೆ.

ಹಾಗಾದರೆ ಯಾವ ಕೆಲಸ? ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ಸಂಕೋಚಪಟ್ಟಿದ್ದೀರಿ. ಕನ್ನಡ ಗೊತ್ತು ಎಂಬುದನ್ನು ಲೆಕ್ಕಕ್ಕೇ ಹಿಡಿದಿಲ್ಲ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳು ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿಗಿಂತ ಹಿಂದಿನ ಅಕ್ಷರಶೈಲಿಯಲ್ಲಿವೆ. ಅದರಲ್ಲಿ ‘ಧರ್ಮ’ ಎಂದು ಬರೆಯಲು ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವೊತ್ತು. ಕಣ್ಣಿಗೆ ಕಾಣುವ ಕ್ರಮ ಅದು. ಯೂನಿಕೋಡ್ ನುಡಿಯುವ ಕ್ರಮದಲ್ಲಿ ಸಾಗುತ್ತದೆ: ಧ, ರ, ಹಲಂತ, ಮ. ಹಳೆಯದನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶ ಆ ಕೊನೆಯ ಗುರುತನ್ನು ಎತ್ತಿ ವ್ಯಂಜನಕ್ಕಿಂತ ಮೊದಲಿಗೆ ತರಬೇಕು. ‘ಧರ್ಮ’ಕ್ಕೆ ಇದು ಸುಲಭ. ಆ ವ್ಯಂಜನಕ್ಕೆ ಒತ್ತಕ್ಷರವೂ ಗುಣಿತವೂ ಸೇರಿದ್ದರೆ ಎಷ್ಟು ಹಿಂದಕ್ಕೆ ಹೋಗಬೇಕು? ಎಣಿಕೆ ಒಂದು ಹೆಜ್ಜೆ ತಪ್ಪಿದರೂ ಪದ ಕೆಡುತ್ತದೆ. ಈ ಕೆಡುಕನ್ನು ಪುಟ ನೋಡಿದೊಡನೆ ಗುರುತಿಸಲು ಕನ್ನಡ ಬಲ್ಲ ಕಣ್ಣು ಬೇಕು. ಪೈಥಾನಿನಲ್ಲಿ ನಿಮಗೆ ಪಟ್ಟಿಗಳೂ ಪಠ್ಯದ ತುಣುಕುಗಳೂ ಪರಿಚಯವಾಗಿದ್ದರೆ ಕೆಲಸ ಆರಂಭಿಸಲು ಅಷ್ಟು ಸಾಕು.

ಕರೆಂಟಿನ ಚಿಂತೆಗೂ ದಾರಿಯಿದೆ. 2005ರಲ್ಲಿ ಇದೇ ಟೋರ್ವಾಲ್ಡ್ಸ್ ಬರೆದ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ತಂತ್ರಾಂಶ, ಯೋಜನೆಯ ಇಡೀ ಚರಿತ್ರೆಯನ್ನು ನಿಮ್ಮ ಯಂತ್ರದಲ್ಲಿಯೇ ಇಡುತ್ತದೆ. ಕಾಲೇಜಿನಲ್ಲಿದ್ದಾಗ ಒಮ್ಮೆ ಇಳಿಸಿಕೊಂಡರೆ, ಊರಿನಲ್ಲಿ ನೆಟ್‌ವರ್ಕ್ ಇಲ್ಲದೆಯೇ ತಿದ್ದಬಹುದು, ದಾಖಲಿಸಬಹುದು, ಹಳೆಯ ಬದಲಾವಣೆಗಳನ್ನು ಓದಬಹುದು. ಲ್ಯಾಪ್‌ಟಾಪ್ ಚಾರ್ಜ್ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ. ಕಳಿಸುವುದು ಮಡಿಕೇರಿಗೆ ಬಂದ ದಿನ.

ಇನ್ನೊಂದು ಮಾತು. ಹೊಸಬರನ್ನು ಓಪನ್ ಸೋರ್ಸ್ ಕೆಲಸಕ್ಕೆ ಸೇರಿಸುವ ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಕಾರ್ಯಕ್ರಮ 2005ರಿಂದ ನಡೆಯುತ್ತಿದೆ, ಔಟ್‌ರೀಚಿ ಎಂಬುದೂ ಇದೆ. ಎರಡರಲ್ಲೂ ಮಾರ್ಗದರ್ಶಕರು ಸಿಗುತ್ತಾರೆ, ಮನೆಯಿಂದಲೇ ಮಾಡುವ ಕೆಲಸಕ್ಕೆ ಸಂಭಾವನೆಯೂ ಇದೆ. ಆದರೆ ಅರ್ಜಿಯ ವೇಳೆಗೆ ನೀವು ಆರಿಸಿಕೊಂಡ ಯೋಜನೆಯಲ್ಲಿ ನಿಮ್ಮ ಒಂದೆರಡು ತಿದ್ದುಪಡಿಗಳು ಸೇರಿರಲಿ. ಅರ್ಜಿಗೆ ಶುಲ್ಕವಿಲ್ಲ. ಹಣ ಕೊಟ್ಟರೆ ಆಯ್ಕೆ ಮಾಡಿಸುತ್ತೇವೆ ಎನ್ನುವವರಿಂದ ದೂರವಿರಿ.

ಶನಿವಾರ ಮಧ್ಯಾಹ್ನ ನಮ್ಮ ಕಚೇರಿ ತೆರೆದಿರುತ್ತದೆ. ಒಂದು ಪೆನ್ ಡ್ರೈವ್ ಹಿಡಿದು ಬನ್ನಿ. ಹಳೆಯ ಸಂಚಿಕೆಯೊಂದರ ಹತ್ತು ಪುಟಗಳನ್ನು ಕೊಡುತ್ತೇನೆ. ಮುಕ್ತವಾಗಿ ಸಿಗುವ ಪರಿವರ್ತಕವೊಂದರಲ್ಲಿ ಹಾಕಿ, ಅರ್ಕಾವೊತ್ತು ಎಲ್ಲೆಲ್ಲಿ ಕೆಟ್ಟಿತೆಂದು ಗುರುತು ಮಾಡಿ ತನ್ನಿ. ಮೊದಲ ದೋಷವರದಿಯನ್ನು ಇಬ್ಬರೂ ಕುಳಿತು ಬರೆಯೋಣ. ಇಂಗ್ಲಿಷ್ ವಾಕ್ಯಗಳನ್ನು ನಾನು ನೋಡಿಕೊಡುತ್ತೇನೆ.